ಬಲಸುತ್ತು

ಹನ್ನೆರಡು ತುಂಬುವವರೆಗೆ ನಾನು ಆ ಸೇತುವೆಯನ್ನು ಅಪ್ಪನ ಹೆಗಲ ಮೇಲೆ ಕೂತು ದಾಟಿದವಳು. ಹೆಗಲ ಮೇಲಿನ ಮಕ್ಕಳನ್ನು ನಮ್ಮೂರ ಸೇತುವೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹನ್ನೆರಡಾದ ಮೇಲೆ ಮಾತ್ರ ಯಾರೇ ಆಗಲಿ ಇನ್ನೊಬ್ಬರನ್ನು ಹಿಡಿದುಕೊಂಡು, ಒಂದು ಎರಡು ಮೂರು ಎಂದು ಮೂರು ಮೂರು ಹೆಜ್ಜೆಗೆ ಸುತ್ತುತ್ತ ಹೋದರಷ್ಟೇ ಆಚೆ ದಡ ಸಿಗುತ್ತದೆ. ನೆಟ್ಟಗೆ ನಡೆದವರಿಗೆ ಸೇತುವೆ ಮುಗಿಯುವುದೇ ಇಲ್ಲ. ಅದರ ನಡುವೆ ಒಂದು ದೀಪದ ಕಂಬವಿದೆ. ಎಷ್ಟು ಹೊತ್ತು ನಡೆದರೂ ಆ ಕಂಬ ಹತ್ತು ಮಾರು ಮುಂದೆಯೇ ನಿಂತಿರುತ್ತದೆ. ಸಾಕಾಗಿ ಹಿಂದಿರುಗಿದರೆ ನಾಲ್ಕೇ ಹೆಜ್ಜೆಗೆ ಹೊರಟ ಜಾಗಕ್ಕೆ ಬಂದಿರುತ್ತೀರಿ. ನದಿಯ ತುಂಬ ಬಂಡೆಗಳು, ದೋಣಿ ಹಾಕುವ ಹಾಗಿಲ್ಲ.

ಇದಕ್ಕೆ ನಾವು ಸುತ್ತು ಎನ್ನುತ್ತಿದ್ದೆವು. ಊರಿನ ಮಕ್ಕಳಿಗೆಲ್ಲ ಅದನ್ನು ಕಲಿಸುತ್ತಿದ್ದ ಬೊನಿಫಾಸ್ ಮಾಸ್ಟ್ರು ಮಾತ್ರ ವಾಲ್ಟ್ಸ್ ಎನ್ನುತ್ತಿದ್ದರು. ಹೆಸರು ಏನೇ ಇರಲಿ, ಊರು ಅದಕ್ಕೆ ಒಗ್ಗಿಹೋಗಿತ್ತು. ಆಸ್ಪತ್ರೆ, ಕೋರ್ಟು, ದೊಡ್ಡ ಮಾರ್ಕೆಟ್ಟು ಎಲ್ಲ ಆಚೆ ದಡದಲ್ಲಿ. ಬೆಳಿಗ್ಗೆ ಸೇತುವೆಯ ಬುಡದಲ್ಲಿ ಜನ ಜೊತೆಗಾಗಿ ಕಾಯುತ್ತಾರೆ. ಯಾರು ಕೈ ಚಾಚಿದರೂ ಇಲ್ಲ ಎನ್ನಬಾರದೆಂಬುದು ರೂಢಿ. ಜಗಳವಾಡಿದ ಗಂಡ ಹೆಂಡತಿ ಮುಖ ಆ ಕಡೆ ಈ ಕಡೆ ತಿರುಗಿಸಿಕೊಂಡೇ ಸುತ್ತುತ್ತಾರೆ, ಕಾಲು ಮಾತ್ರ ತಪ್ಪುವುದಿಲ್ಲ. ಕಳ್ಳನನ್ನು ಕೋರ್ಟಿಗೆ ಒಯ್ಯುವ ಪೊಲೀಸನೂ ಅವನ ಬೆನ್ನಿಗೆ ಕೈ ಕೊಟ್ಟುಕೊಂಡೇ ಹೋಗಬೇಕು. ಮೀನು ಮಾರುವ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಸುತ್ತುವುದನ್ನು ನೋಡಿದರೆ ಬುಟ್ಟಿ ನಿಂತಲ್ಲೇ ನಿಂತಿದೆ, ಸೇತುವೆಯೇ ಅವರ ಕೆಳಗೆ ತಿರುಗುತ್ತಿದೆ ಅನಿಸಬೇಕು.

ನನ್ನ ಎಡಗಾಲು ಪೋಲಿಯೋದಲ್ಲಿ ಸೊರಗಿದ್ದು. ನಡೆಯುವಾಗ ಎಡಗೈಯಿಂದ ತೊಡೆಯನ್ನು ಒತ್ತಿ ಹಿಡಿದುಕೊಂಡರೆ ಮಂಡಿ ನಿಲ್ಲುತ್ತದೆ, ಕೈ ಬಿಟ್ಟರೆ ಮಡಚಿಕೊಳ್ಳುತ್ತದೆ. ಸುತ್ತುವಾಗ ಒಂದು ಕೈ ಜೊತೆಯವರ ಕೈಯಲ್ಲಿ, ಇನ್ನೊಂದು ಅವರ ಭುಜದ ಮೇಲೆ. ತೊಡೆ ಒತ್ತಲಿಕ್ಕೆ ಮೂರನೆಯ ಕೈ ಎಲ್ಲಿಂದ ತರುವುದು? ಮಾಸ್ಟ್ರ ಶೆಡ್ಡಿನಲ್ಲಿ ಎರಡು ವಾರ ಬಿದ್ದೂ ಎದ್ದೂ ಕಲಿಯಲು ನೋಡಿದೆ. ಮೂರನೆಯ ವಾರ ಅವರು ಅಪ್ಪನನ್ನು ಹೊರಗೆ ಕರೆದು, "ಈ ಕಾಲಿಗೆ ಆಗ್ಲಿಕ್ಕಿಲ್ಲ, ಸುಮ್ಮನೆ ಮಗುವನ್ನು ನೋಯಿಸ್ಬೇಡಿ" ಎಂದರು. ನನಗೆ ಅದು ಕೇಳಿಸಿತು. ಅಪ್ಪ ಮನೆಗೆ ಬಂದು, ನೆನೆಹಾಕಿದ್ದ ಬೆತ್ತದ ಒಂದು ಕಟ್ಟು ತಂದು ನನ್ನ ಮುಂದಿಟ್ಟು, "ಕೈ ಉಂಟಲ್ಲ ಮಗಾ" ಎಂದ.

ಅಪ್ಪ ಬೆತ್ತದ ಕುರ್ಚಿ ಹೆಣೆಯುವವನು. ಅವನ ಕೈಯದೇ ಒಂದು ಹೆಣಿಗೆ ಇತ್ತು, ಆರು ಎಳೆಗಳು ಒಂದರ ಕೆಳಗೊಂದು ನುಸುಳಿ ಹೂವಿನ ಹಾಗೆ ಕೂರುವಂಥದ್ದು. ಅದು ಅವನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿದ್ದದ್ದು. ಅಪ್ಪ ತೀರಿಕೊಂಡ ಮೇಲೆ ನಾನೊಬ್ಬಳೇ ಹೆಣೆದೆ. ನನ್ನ ಕುರ್ಚಿಗಳು ಜನರ ತಲೆಯ ಮೇಲೆ ಬೋರಲಾಗಿ ಕೂತು ಸುತ್ತುತ್ತ ಆಚೆ ದಡಕ್ಕೆ ಹೋದವು. ಅವುಗಳ ಮೇಲೆ ಯಾರು ಕೂತರು, ಹೇಗೆ ಕೂತರು ಎಂದು ನಾನು ಕಂಡದ್ದಿಲ್ಲ. ಹೀಗೆ ಮೂವತ್ತೊಂದು ವರ್ಷ ಕಳೆಯಿತು.

ನನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಏಪ್ರಿಲ್ ಹತ್ತಕ್ಕೋ ಹನ್ನೊಂದಕ್ಕೋ, ಆಚೆ ದಡದ ಕೈಗಾರಿಕಾ ಶಾಲೆಯ ಹೆಡ್ ಮೇಡಂ ಐರಿನ್ ಬಾಯಿ ಅವರಿಂದ ಒಂದು ಕಾಗದ ಬಂತು. ನಿಮ್ಮ ಹೆಣಿಗೆ ನೋಡಿದ್ದೇನೆ, ನಮ್ಮಲ್ಲಿ ಇಪ್ಪತ್ತು ಜನ ಹುಡುಗಿಯರು ಬೆತ್ತದ ಕೆಲಸ ಕಲಿಯಲು ಸೇರಿದ್ದಾರೆ, ಕಲಿಸುವವರಿಲ್ಲ, ಜೂನ್ ಒಂದರಂದು ಬೆಳಿಗ್ಗೆ ಒಂಬತ್ತಕ್ಕೆ ಬಂದು ಸೇರಿಕೊಳ್ಳಬೇಕು ಎಂದು ಬರೆದಿದ್ದರು. ನನ್ನ ಕಾಲಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಕಾಗದವನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗಿಟ್ಟೆ. ಮತ್ತೆ ತೆಗೆದು ಓದಿದೆ. ಆ ದಿನ ಅದನ್ನು ಎಷ್ಟು ಸಲ ತೆಗೆದೆನೋ. ಅಷ್ಟು ವರ್ಷಗಳಲ್ಲಿ ನನ್ನ ಕುರ್ಚಿ ಬೇಕೆಂದವರು ಬಹಳ ಜನ, ನಾನು ಬೇಕೆಂದವರು ಯಾರೂ ಇರಲಿಲ್ಲ.

ಪಕ್ಕದ ಮನೆಯ ಗುಲಾಬಿಯಕ್ಕ ಮೀನು ಮಾರುವವಳು, ನನಗಿಂತ ಹತ್ತು ವರ್ಷ ದೊಡ್ಡವಳು. ದಿನಕ್ಕೆ ಮೂರು ಸಲ ಸೇತುವೆ ದಾಟುತ್ತಿದ್ದಳು. ಸಂಜೆ ಬಂಗುಡೆ ಕೊಡಲು ಬಂದವಳಿಗೆ ಕಾಗದ ಓದಿ ಹೇಳಿದೆ.

"ಮತ್ತೆ? ಹೋಗುವುದಲ್ಲವಾ?" ಎಂದಳು.

"ಎಂತದು ಹೋಗುವುದು ಗುಲಾಬಿಯಕ್ಕ? ಆಗುವುದಿಲ್ಲ ಅಂತ ಬರೀತೇನೆ."

"ನಿನ್ನ ತಲೆ! ನನ್ನ ಬುಟ್ಟಿಯಲ್ಲಿ ಇಪ್ಪತ್ತು ಕಿಲೋ ಮೀನು ಇರ್ತದೆ, ಅದನ್ನು ಹೊತ್ತು ದಾಟ್ತೇನೆ. ನೀನು ಎಷ್ಟು ಉಂಟು? ಒಂದು ಹಿಡಿ. ನಾಳೆ ನಾನೇ ಎಳ್ಕೊಂಡು ಹೋಗ್ತೇನೆ, ನೋಡು."

ಎಳೆದುಕೊಂಡೇ ಹೋದಳು. ಗುಲಾಬಿಯಕ್ಕನ ತೋಳಿಗೆ ಸಿಕ್ಕಿದರೆ ಬಿಡಿಸಿಕೊಳ್ಳುವ ಮಾತೇ ಇಲ್ಲ. ಮೊದಲ ನಾಲ್ಕು ಸುತ್ತು ಅವಳ ಬಲದಲ್ಲೇ ನಡೆಯಿತು, ನನ್ನ ಕಾಲು ನೆಲ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಆದರೆ ತಲೆಯೆತ್ತಿ ನೋಡಿದರೆ ದೀಪದ ಕಂಬ ಹತ್ತು ಮಾರು ಮುಂದೆಯೇ ಇತ್ತು. ಇನ್ನೂ ಹತ್ತು ಸುತ್ತು ಸುತ್ತಿದೆವು. ಕಂಬ ಅಲ್ಲೇ. ಒಬ್ಬರು ಸುತ್ತಿ ಇನ್ನೊಬ್ಬರನ್ನು ಎಳೆದರೆ ಸೇತುವೆಗೆ ಅದು ಸುತ್ತಲ್ಲ. ನಾನೇ ಭಾರ ಹಾಕಬೇಕೆಂದು ಎಡಗಾಲನ್ನು ಮುಂದಿಟ್ಟೆ. ಮಂಡಿ ಮಡಚಿತು. ಇಬ್ಬರೂ ಬಿದ್ದೆವು. ಅವಳ ತಲೆಯ ಮೇಲಿನ ಬುಟ್ಟಿಯ ಬಂಗುಡೆಗಳು ಹಲಗೆಯ ಮೇಲೆಲ್ಲ ಚೆಲ್ಲಿ ಕೆಲವು ಸಂದಿಯಲ್ಲಿ ಜಾರಿ ನದಿಗೆ ಹೋದವು. ದಡದಲ್ಲಿ ಕಾಯುತ್ತಿದ್ದವರು ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಎಲ್ಲರೂ ಅಯ್ಯೋ ಎಂದರು, ಆ ಅಯ್ಯೋ ನನ್ನ ಕಿವಿಯಲ್ಲಿ ಎರಡು ದಿನ ಉಳಿಯಿತು.

ಮೂರನೆಯ ದಿನ ಬೊನಿಫಾಸ್ ಮಾಸ್ಟ್ರ ಮನೆಗೆ ಹೋದೆ. ಅವರು ಕಲಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಎಪ್ಪತ್ತಾರು ವಯಸ್ಸು, ಹೆಂಡತಿ ತೀರಿಕೊಂಡಿದ್ದರು, ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಮಾಸ್ಟ್ರೇ, ನನಗೆ ಸುತ್ತು ಕಲಿಸ್ಬೇಕು," ಎಂದೆ.

ಅವರು ನನ್ನ ಮುಖ ನೋಡಿದರು, ತೊಡೆಯ ಮೇಲಿದ್ದ ಕೈ ನೋಡಿದರು. "ನೀನು ಕುರ್ಚಿಯವರ ಮಗಳು ಸುಗಂಧಿ. ನಿನ್ನ ಅಪ್ಪನ ಹತ್ರ ನಾನು ಆಗ್ಲಿಕ್ಕಿಲ್ಲ ಅಂತ ಹೇಳಿದ್ದೆ."

"ಹೌದು. ನಾನು ಬಾಗಿಲ ಹಿಂದೆ ಇದ್ದೆ."

ಅವರು ಬೆಳ್ಳುಳ್ಳಿಯನ್ನು ಪಕ್ಕಕ್ಕೆ ಸರಿಸಿ, "ನಿನಗೆ ಕಲೀಲಿಕ್ಕೆ ಬರುವುದಿಲ್ಲ ಅಂತ ಅಲ್ಲ ಮಗಾ. ನನಗೆ ಕಲಿಸ್ಲಿಕ್ಕೆ ಬರ್ಲಿಲ್ಲ. ಅದನ್ನು ಹೇಳ್ಲಿಕ್ಕೆ ನಾಚಿಕೆ ಆಗಿ ನಿನ್ನ ಕಾಲಿನ ಮೇಲೆ ಹಾಕಿದೆ," ಎಂದರು. "ಈಗಲೂ ಬರ್ತದೋ ಇಲ್ಲವೋ. ಬಾ, ನೋಡುವ."

ಶೆಡ್ಡಿನಲ್ಲಿ ಈಗ ತೆಂಗಿನಕಾಯಿ ರಾಶಿ ಹಾಕಿದ್ದರು. ಅವನ್ನು ಒಂದು ಮೂಲೆಗೆ ಸರಿಸಿ, ನೆಲ ಗುಡಿಸಿ ಶುರುಮಾಡಿದೆವು. ಸುತ್ತು ಕೇಳಲಿಕ್ಕೆ ಬಹಳ ಸುಲಭ. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ, ಕಾಲು ಕೂಡಿಸು. ಒಂದು ಹೆಜ್ಜೆ ಮುಂದೆ, ಒಂದು ಪಕ್ಕಕ್ಕೆ, ಕಾಲು ಕೂಡಿಸು. ಈ ಆರರಲ್ಲಿ ಮೈ ಒಂದು ಸುತ್ತು ತಿರುಗಿರಬೇಕು. ಒಂದಕ್ಕೆ ಮಂಡಿ ತಗ್ಗಬೇಕು, ಎರಡಕ್ಕೆ ಮೇಲೇಳಬೇಕು, ಮೂರಕ್ಕೆ ಬೆರಳ ತುದಿಯ ಮೇಲೆ ಮೈ ಎತ್ತರದಲ್ಲಿ ನಿಲ್ಲಬೇಕು.

"ಮೂರು ಅಂದ್ರೆ ಕಾಲು ತಂದು ಪಕ್ಕದಲ್ಲಿ ಇಡುವುದು ಅಲ್ಲ," ಎನ್ನುತ್ತಿದ್ದರು ಮಾಸ್ಟ್ರು. "ಅದರ ಮೇಲೆ ನಿಲ್ಲುವುದು. ಭಾರ ಕೊಡು ಅದಕ್ಕೆ. ಕೊಡದಿದ್ರೆ ಮುಂದಿನ ಒಂದಕ್ಕೆ ಯಾವ ಕಾಲು ಎತ್ತುತ್ತೀ?"

ಅಷ್ಟು ವರ್ಷ ಎಡಗಾಲಿಗೆ ಭಾರ ಕೊಡದೆ ಬದುಕುವುದನ್ನೇ ಕಲಿತವಳು ನಾನು. ಹತ್ತು ದಿನ ಅದೊಂದೇ ಮಾಡಿಸಿದರು. ನಿಲ್ಲುವುದು, ಕೂಡಿಸುವುದು, ನಿಲ್ಲುವುದು. ಆಗ ಒಂದು ಸಂಗತಿ ತಿಳಿಯಿತು. ಕಾಲು ಪೂರ್ತಿ ನೆಟ್ಟಗಿದ್ದರೆ ನನ್ನ ಮಂಡಿ ಮಡಚುವುದಿಲ್ಲ, ಚಿಲಕ ಹಾಕಿದ ಹಾಗೆ ನಿಲ್ಲುತ್ತದೆ. ಮೂರು ಎಂಬುದು ಮೈ ಎತ್ತರದಲ್ಲಿರುವ ಹೊತ್ತು, ಕಾಲು ನೆಟ್ಟಗಿರುವ ಹೊತ್ತು. ಕೈ ಒತ್ತದೆ ಎಡಗಾಲ ಮೇಲೆ ನಿಂತ ಮೊದಲ ಗಳಿಗೆ ನನಗೆ ಇವತ್ತಿಗೂ ನೆನಪಿದೆ. ಮಾಸ್ಟ್ರು ಎಣಿಸುವುದನ್ನು ನಿಲ್ಲಿಸಿಬಿಟ್ಟರು, ನಾನು ನಾಲ್ಕು ಎಣಿಕೆ ಹಾಗೇ ನಿಂತೆ.

ಆದರೆ ಒಂದು ಜಾಗದಲ್ಲಿ ಮಾತ್ರ ಪ್ರತಿ ಸಲವೂ ಬೀಳುತ್ತಿದ್ದೆ. ಮುಂದೆ ಹೋಗುವ ಸರದಿ ಬಂದಾಗ ಎಡಗಾಲನ್ನು ಮುಂದಿಟ್ಟು, ಮಂಡಿ ತಗ್ಗಿಸಿ, ಮೈಯನ್ನು ಅದರ ಮೇಲೆ ನೂಕಿ ತಿರುಗಬೇಕು. ತಗ್ಗಿಸಿದ ಕೂಡಲೇ ಮಂಡಿ ಸೋತುಹೋಗುತ್ತಿತ್ತು. ಮೇ ತಿಂಗಳು ಅರ್ಧ ಮುಗಿದಿತ್ತು. ಒಂದು ಮಧ್ಯಾಹ್ನ ಹಾಗೆ ಬಿದ್ದವಳು ಏಳದೆ ನೆಲದ ಮೇಲೇ ಕೂತು ಯೋಚಿಸಿದೆ. ಹಿಂದೆ ಹೋಗುವಾಗ ನಾನು ಬಲಗಾಲು ಹಿಂದಿಡುತ್ತೇನೆ. ಮುಂದೆ ಹೋಗುವಾಗ ಎಡಗಾಲು. ಎಡಗಾಲು ಹಿಂದೆ ಹೋದರೆ ತಗ್ಗಬೇಕಾಗಿಲ್ಲ, ನೆಟ್ಟಗೆ ಚಾಚಿ ಅದರ ಮೇಲೆ ಭಾರ ಹಾಕಬಹುದು. ನೂಕುವ ಕೆಲಸ ಬಲಗಾಲಿಗೆ ಬಂದರೆ ಅದು ಹೂವೆತ್ತಿದ ಹಾಗೆ.

"ಮಾಸ್ಟ್ರೇ," ಎಂದೆ, "ನಾವು ಎಡಕ್ಕೆ ತಿರುಗ್ತೇವಲ್ಲ. ಬಲಕ್ಕೆ ತಿರುಗಿದ್ರೆ ಎಂತ ಆಗ್ತದೆ?"

"ಬಲಕ್ಕಾ? ಬಲಕ್ಕೆ ಯಾರೂ ತಿರುಗುವುದಿಲ್ಲ."

"ತಿರುಗಬಾರ್ದು ಅಂತ ಉಂಟಾ?"

ಅವರು ತೆಂಗಿನಕಾಯಿ ರಾಶಿಯ ಮೇಲೆ ನಿಧಾನ ಕೂತರು. "ಐವತ್ತು ವರ್ಷ ಕಲಿಸಿದ್ದೇನೆ ಮಾರಾಯ್ತಿ. ಇದನ್ನು ಒಬ್ಬರೂ ಕೇಳ್ಲಿಲ್ಲ. ನಾನೂ ಕೇಳ್ಕೊಳ್ಲಿಲ್ಲ."

ಆ ಮಧ್ಯಾಹ್ನದಿಂದ ನಾವಿಬ್ಬರೂ ಹೊಸಬರಾದೆವು. ಮಾಸ್ಟ್ರಿಗೆ ಎಡಕ್ಕೆ ತಿರುಗುವುದು ಉಸಿರಾಟದ ಹಾಗೆ ಅಭ್ಯಾಸವಾಗಿತ್ತು. ಬಲಕ್ಕೆ ಹೊರಟರೆ ಅವರ ಕಾಲು ಅವರ ಕಾಲಿಗೇ ತೊಡರುತ್ತಿತ್ತು. ನನ್ನ ಪಾದವನ್ನು ಒಂದೇ ದಿನ ಆರು ಸಲ ತುಳಿದರು, ಆರು ಸಲವೂ ಕೈ ಮುಗಿದರು. ನಾನೇ ಎಣಿಸತೊಡಗಿದೆ. "ಒಂದು, ನನ್ನ ಎಡ ಹಿಂದೆ, ಸಣ್ಣದು. ನೀವು ನನ್ನ ಸುತ್ತ ದೊಡ್ಡ ಹೆಜ್ಜೆ ಹಾಕಿ ಬನ್ನಿ. ಎರಡು, ಬಲ ಪಕ್ಕಕ್ಕೆ. ಮೂರು, ಎಡ ಕೂಡಿಸಿ ನಿಂತೆ. ಈಗ ನನ್ನ ಬಲ ಮುಂದೆ..." ಹಿಂದೆ ಹೋಗುವವರು ಸುತ್ತಿನ ಒಳಗಿರುತ್ತಾರೆ, ಅವರ ಹೆಜ್ಜೆ ಸಣ್ಣದಾಗಬೇಕು. ಮುಂದೆ ಬರುವವರು ಹೊರಗಿರುತ್ತಾರೆ, ಅವರು ಬಳಸಿ ಬರಬೇಕು. ನನ್ನ ಎಡಗಾಲಿಗೆ ಸಣ್ಣ ಹೆಜ್ಜೆ, ನೆಟ್ಟಗಿನ ಹೆಜ್ಜೆ ಬಂತು. ಬಲಗಾಲಿಗೆ ಬಳಸುವ ಕೆಲಸ ಬಂತು. ಐದನೆಯ ದಿನ ನಾವು ಶೆಡ್ಡಿನ ಆ ಗೋಡೆಯಿಂದ ಈ ಗೋಡೆಗೆ ಬೀಳದೆ ಬಂದು ತಲುಪಿದೆವು. ಮಾಸ್ಟ್ರು ಗೋಡೆಗೆ ಒರಗಿ ಏದುಸಿರು ಬಿಡುತ್ತ ನಕ್ಕರು.

"ಶೆಡ್ಡಿನಷ್ಟು ಉದ್ದಕ್ಕೆ ಸರಿ. ಸೇತುವೆಯಷ್ಟು ಉದ್ದಕ್ಕೆ ನನ್ನ ಎದೆ ಒಪ್ಪಲಿಕ್ಕಿಲ್ಲ ಮಗಾ. ಗುಲಾಬಿಯನ್ನು ಕರಿ. ಅವಳಿಗೆ ನೀನೇ ಕಲಿಸು."

"ನಾನಾ?"

"ಮತ್ತೆ ಯಾರು? ಬಲಸುತ್ತು ಗೊತ್ತಿರುವವರು ಊರಲ್ಲಿ ನಾವು ಇಬ್ಬರೇ. ನಾನು ಕಲಿತದ್ದೇ ನಿನ್ನಿಂದ."

ಗುಲಾಬಿಯಕ್ಕನಿಗೆ ಕಲಿಸಿದ ಕಥೆ ಹೇಳಹೊರಟರೆ ಮುಗಿಯುವುದಿಲ್ಲ. ನಲವತ್ತು ವರ್ಷ ಎಡಕ್ಕೆ ಸುತ್ತಿದ ಹೆಂಗಸು ಬಲಕ್ಕೆ ಎರಡು ಸುತ್ತು ಹಾಕುವಷ್ಟರಲ್ಲಿ ತಲೆ ತಿರುಗಿ ಶೆಡ್ಡಿನ ಕಂಬ ಹಿಡಿದುಕೊಂಡಳು. "ನನ್ನ ಹೊಟ್ಟೆಯೇ ಹಿಂದೆ ಮುಂದೆ ಆಯ್ತು ಸುಗಂಧೀ, ಇದೆಂತ ಸಾವು!" ಎಂದು ನನ್ನನ್ನೂ ಮಾಸ್ಟ್ರನ್ನೂ ಅವರ ತೆಂಗಿನಕಾಯಿಗಳನ್ನೂ ಬೈದಳು. ಎಲ್ಲಕ್ಕಿಂತ ಕಷ್ಟವಾದದ್ದು ಅವಳಿಗೆ ನನ್ನನ್ನು ಎಳೆಯದಿರುವುದು. ನನ್ನ ಮಂಡಿ ಚೂರು ಅಲುಗಿದರೂ ಅವಳ ತೋಳು ತಾನಾಗಿ ನನ್ನನ್ನು ಎತ್ತಿಬಿಡುತ್ತಿತ್ತು.

"ಬಿಡಿ ಗುಲಾಬಿಯಕ್ಕ. ಎತ್ತಬೇಡಿ."

"ಬಿದ್ರೆ?"

"ಬಿದ್ರೆ ಏಳ್ತೇನೆ. ನಿಮ್ಮ ಕೈ ನನ್ನ ಬೆನ್ನ ಮೇಲೆ ಇರ್ಲಿ, ಎಲ್ಲಿಗೆ ಹೋಗುವುದು ಅಂತ ಹೇಳ್ಲಿ. ಸಾಕು."

ಅವಳು ನನ್ನನ್ನು ಒಂದು ಥರ ನೋಡಿದಳು. ಆಮೇಲೆ ಎತ್ತಲಿಲ್ಲ. ಎರಡು ಸಲ ಬಿದ್ದೆ, ಎರಡು ಸಲವೂ ಅವಳು ಕೈ ಕಟ್ಟಿ ನಿಂತು ನಾನು ಏಳುವವರೆಗೆ ಕಾದಳು. ಹಾಗೆ ಕಾಯುವುದು ಅವಳಿಗೆ ಎಷ್ಟು ಕಷ್ಟವೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಜೂನ್ ಒಂದರ ಬೆಳಿಗ್ಗೆ ಎಂಟಕ್ಕೆ ಸೇತುವೆಯ ಬುಡಕ್ಕೆ ಹೋದೆವು. ಗುಲಾಬಿಯಕ್ಕ ಆ ದಿನ ಮೊದಲ ಬಾರಿಗೆ ಬುಟ್ಟಿಯಿಲ್ಲದೆ ಬಂದಿದ್ದಳು, ಬಲಕ್ಕೆ ತಿರುಗುವಾಗ ತಲೆಯ ಮೇಲೆ ಮೀನು ಇಟ್ಟುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ನಾನು ನೀಲಿ ಅಂಚಿನ ಸೀರೆಯನ್ನು ಪಾದ ಕಾಣುವ ಹಾಗೆ ಎತ್ತರಕ್ಕೆ ಉಟ್ಟಿದ್ದೆ. ಬೊನಿಫಾಸ್ ಮಾಸ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದು ಮೈಲಿಗಲ್ಲಿನ ಮೇಲೆ ಕೂತಿದ್ದರು. ನಮ್ಮ ಸುದ್ದಿ ಊರಿಗೆ ಗೊತ್ತಾಗಿತ್ತು. ಹಿರಿಯರೊಬ್ಬರು, "ಬಲಕ್ಕೆ ತಿರುಗಿ ಸೇತುವೆ ಕೋಪ ಮಾಡ್ಕೊಂಡ್ರೆ ನಾಳೆಯಿಂದ ಎಲ್ಲರಿಗೂ ಕಷ್ಟ" ಎಂದರು. ಮಾಸ್ಟ್ರು ಅವರ ಕಡೆ ತಿರುಗಿ, "ಐವತ್ತು ವರ್ಷ ಎಡಕ್ಕೆ ತಿರುಗಿದಿರಲ್ಲ, ಸೇತುವೆ ನಿಮ್ಮ ಹತ್ರ ಬಂದು ಸಂತೋಷ ಅಂತ ಹೇಳಿತಾ?" ಎಂದರು.

ಗುಲಾಬಿಯಕ್ಕನ ಭುಜದ ಮೇಲೆ ಎಡಗೈ ಇಟ್ಟೆ. ತೊಡೆ ಒತ್ತಲು ಕೈ ಉಳಿಯಲಿಲ್ಲ. ಒಂದು. ಎಡಗಾಲು ಹಿಂದೆ, ಸಣ್ಣದು, ನೆಟ್ಟಗೆ. ಹಲಗೆ ಪಾದಕ್ಕೆ ತಣ್ಣಗೆ ತಾಗಿತು. ಎರಡು. ಮೂರು, ನಿಂತೆ. ಬಲ ಮುಂದೆ, ಬಳಸಿ ತಿರುಗು. ಕಾಲು ನೋಡಬಾರದೆಂದು ಮಾಸ್ಟ್ರು ಹೇಳಿದ್ದರು, ಅದಕ್ಕೆ ಗುಲಾಬಿಯಕ್ಕನ ಕಿವಿಯ ಓಲೆಯನ್ನೇ ನೋಡಿದೆ. ಓಲೆಯ ಹಿಂದೆ ನದಿ, ನಮ್ಮ ದಡ, ಆಚೆ ದಡ, ಮತ್ತೆ ನದಿ ಸುತ್ತಿ ಬರುತ್ತಿದ್ದವು. ಒಂದು ಸುತ್ತಿನಲ್ಲಿ ದೀಪದ ಕಂಬ ಕಂಡಿತು. ಹತ್ತು ಮಾರು ದೂರದಲ್ಲಿತ್ತು. ಮುಂದಿನ ಸುತ್ತಿನಲ್ಲೂ ಅಷ್ಟೇ ದೂರ ಅನಿಸಿತು. ಅದರ ಮುಂದಿನದರಲ್ಲೂ.

"ಗುಲಾಬಿಯಕ್ಕ, ಕಂಬ ಹತ್ರ ಬರ್ತಿಲ್ಲ."

"ಕಂಬಕ್ಕೆ ಎಂತ ಕೆಲಸ? ನೀನು ಎಣಿಸು."

ಎಣಿಸಿದೆ. ಎದುರಿನಿಂದ ಅಂಚೆಯವರು ಜೊತೆಯೊಂದಿಗೆ ಎಡಕ್ಕೆ ಸುತ್ತುತ್ತ ಬರುತ್ತಿದ್ದರು. ನಮ್ಮನ್ನು ಕಂಡು ಸೇತುವೆಯ ಅಂಚಿನ ಕಂಬಿಗೆ ಒತ್ತಿಕೊಂಡು ನಿಂತು ದಾರಿ ಬಿಟ್ಟರು. ಒಂದು, ಎರಡು, ಮೂರು, ನಿಂತೆ. ನಾನೇ ನಿಂತೆ, ಯಾರೂ ಎತ್ತಲಿಲ್ಲ. ಏನೋ ತಣ್ಣಗಿನದು ನನ್ನ ಬೆನ್ನಿಗೆ ತಾಗಿತು. ತಿರುಗುವ ಭರದಲ್ಲಿ ಅದರ ಪಕ್ಕದಿಂದ ಜಾರಿ ಮುಂದೆ ಹೋದ ಮೇಲೆ ಗೊತ್ತಾಯಿತು, ಅದು ಕಂಬ. ನಾವು ಅದನ್ನು ದಾಟಿದ್ದೆವು. ಗುಲಾಬಿಯಕ್ಕ ಅಳುತ್ತಿದ್ದಳು, ಅಳುತ್ತಲೇ ಸುತ್ತುತ್ತಿದ್ದಳು. ಹಿಂದಿನ ದಡದಲ್ಲಿ ಯಾರೋ ಶಿಳ್ಳೆ ಹಾಕಿದರು. ಅದು ಮಾಸ್ಟ್ರೆಂದು ಆಮೇಲೆ ಕೇಳಿ ತಿಳಿದೆ.

ಆಚೆ ದಡದ ಕಲ್ಲುಹಾಸಿನ ಮೇಲೆ ಕೊನೆಯ ಮೂರಕ್ಕೆ ಕಾಲು ಕೂಡಿಸಿದೆ. ಅಲ್ಲಿಂದ ಶಾಲೆಗೆ ನನ್ನ ಎಂದಿನ ನಡಿಗೆಯಲ್ಲೇ, ತೊಡೆ ಒತ್ತಿಕೊಂಡು ನಡೆದೆ. ಆ ನಡಿಗೆ ಯಾವತ್ತೂ ನಾಚಿಕೆಯದಾಗಿರಲಿಲ್ಲ, ಅವತ್ತಂತೂ ಅಲ್ಲವೇ ಅಲ್ಲ. ಐರಿನ್ ಬಾಯಿ ಬಾಗಿಲಲ್ಲೇ ನಿಂತಿದ್ದರು. ನನ್ನ ಕಾಲು ನೋಡಿ ಗಾಬರಿಯಾಗಿ, "ಅಯ್ಯೋ, ನನಗೆ ಗೊತ್ತೇ ಇರ್ಲಿಲ್ಲ. ನಿಮ್ಮನ್ನು ಯಾರು ಕರ್ಕೊಂಡು ಬಂದ್ರು?" ಎಂದರು.

"ಯಾರೂ ಕರ್ಕೊಂಡು ಬರ್ಲಿಲ್ಲ ಮೇಡಂ," ಎಂದೆ. "ನಾನು ಬಂದೆ."

ಇಪ್ಪತ್ತು ಹುಡುಗಿಯರಿಗೆ ಆ ದಿನ ಬೆತ್ತ ನೆನೆಹಾಕುವುದನ್ನು, ಸೀಳುವುದನ್ನು ಹೇಳಿಕೊಟ್ಟೆ. ಆರೆಳೆಯ ಹೆಣಿಗೆಗೆ ಇನ್ನೂ ಎರಡು ತಿಂಗಳು ಬೇಕೆಂದೆ. ನಾಲ್ಕು ಗಂಟೆಗೆ ಸೇತುವೆಯ ಬುಡಕ್ಕೆ ಬಂದರೆ ಗುಲಾಬಿಯಕ್ಕ ಇನ್ನೂ ಬಂದಿರಲಿಲ್ಲ. ಮಾರ್ಕೆಟ್ಟಿನಲ್ಲಿ ಬೆಳಗಿನ ಸಂಗತಿಯನ್ನು ಅಂಗಡಿ ಅಂಗಡಿಗೂ ಹೇಳುತ್ತ ನಿಂತುಬಿಟ್ಟಿದ್ದಳಂತೆ. ಜೊತೆಗಾಗಿ ಕಾಯುವವರ ಸಾಲಿನಲ್ಲಿ ನಾನು ನನ್ನ ಬದುಕಿನಲ್ಲಿ ಮೊದಲ ಸಲ ನಿಂತೆ. ಮುಂದಿನವರು ಒಬ್ಬೊಬ್ಬರಾಗಿ ಜೊತೆ ಸಿಕ್ಕಿ ಹೋದರು. ಕೊನೆಗೆ ನನ್ನ ಪಕ್ಕದಲ್ಲಿ ಉಳಿದದ್ದು ಕೋರ್ಟಿನ ಗುಮಾಸ್ತರೊಬ್ಬರು, ಉದ್ದನೆಯ ಆಸಾಮಿ, ಕಂಕುಳಲ್ಲಿ ಕಡತಗಳು. ಅವರು ಅಭ್ಯಾಸದಂತೆ ಕೈ ಚಾಚಿದರು. ಆಮೇಲೆ ನನ್ನ ಕಾಲು ಕಂಡು ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು. ಆದರೂ ಹಿಂದೆ ತೆಗೆದುಕೊಳ್ಳಲಿಲ್ಲ.

"ಬೆಳಿಗ್ಗೆ ಬಲಕ್ಕೆ ತಿರುಗಿಕೊಂಡು ಬಂದವರು ನೀವೇ ಅಲ್ಲವಾ?" ಎಂದರು. "ನನಗೆ ಬಲಸುತ್ತು ಗೊತ್ತಿಲ್ಲಮ್ಮ. ನಿಮ್ಮನ್ನು ಬೀಳಿಸಿಬಿಟ್ಟರೆ?"

"ಹೆದರ್ಬೇಡಿ," ಎಂದು ಅವರ ಕೈ ಹಿಡಿದುಕೊಂಡೆ. "ಕಡತ ಗಟ್ಟಿಯಾಗಿ ಹಿಡ್ಕೊಳ್ಳಿ. ಒಂದಕ್ಕೆ ನಿಮ್ಮ ಬಲಗಾಲು ಮುಂದೆ. ನಾನು ಎಣಿಸ್ತೇನೆ."